ಎರಡನೇ ಮಹಡಿಯ ಗಣಪತಿ

ಇಡ್ಲಿ ಕಟ್ಟಿಕೊಟ್ಟ ಕಾಗದ ಓದಬಾರದು ಎಂದು ಹಿರಿಯರು ಎಲ್ಲೂ ಹೇಳಿಲ್ಲ. ಹೇಳಿದ್ದರೆ ಡೊಂಬಿವಲಿಯ ಭುಜಂಗನ ಆ ಶನಿವಾರ ನೆಮ್ಮದಿಯಾಗಿ ಕಳೆಯುತ್ತಿತ್ತು. ಅವನು ದುಡಿಯುತ್ತಿದ್ದ ರಬಾಳೆಯ ಕಂಪನಿಗೆ ರಜೆ. ಪಾರ್ಸೆಲ್ ಬಿಚ್ಚಿದರೆ ಹಿಂದಿನ ದಿನದ ಪತ್ರಿಕೆಯ ಹಾಳೆ, ಚಟ್ನಿ ಕಲೆಯ ಪಕ್ಕದಲ್ಲಿ ಒಂದು ಪ್ರಕಟಣೆ. ಮುಂದಿನ ತಿಂಗಳು ಆಧುನಿಕ ಮತ್ತು ಸಮಕಾಲೀನ ಕಲೆಯ ದೊಡ್ಡ ಹರಾಜು. ದಿವಂಗತ ಶಿವರಾಯರ ಚಿತ್ರಗಳಿಗೆ ಭಾರೀ ಬೇಡಿಕೆ. ಕಳೆದ ಸಲ ಒಂದು ಚಿತ್ರ ಮೂವತ್ತೆಂಟು ಲಕ್ಷಕ್ಕೆ ಹೋಗಿತ್ತು. ಚಿತ್ರವಿದ್ದವರು ಠಾಣೆ ಊರಿನ ಹರಾಜು ಕಚೇರಿಗೆ ತಂದು ತೋರಿಸಬೇಕು, ಕೊನೆಯ ದಿನ ಇದೇ ಶನಿವಾರ, ಸಂಜೆ ಐದರೊಳಗೆ.

ಭುಜಂಗ ಕೈಯಲ್ಲಿದ್ದ ಇಡ್ಲಿ ಕೆಳಗಿಟ್ಟ. ಈ ಶಿವರಾಯರು ಇದೇ ಕಟ್ಟಡದ ನಾಲ್ಕನೇ ಮಹಡಿಯಲ್ಲಿದ್ದವರು. ಎಂಟು ವರ್ಷದ ಹಿಂದೆ ಮನೆ ಖಾಲಿ ಮಾಡುವಾಗ, ಕಪಾಟು ಇಳಿಸಲು ಹೆಗಲು ಕೊಟ್ಟ ಭುಜಂಗನಿಗೆ ಪ್ರೀತಿಯಿಂದ ಒಂದು ಚಿತ್ರ ಕೊಟ್ಟಿದ್ದರು. ನೀಲಿ ಬಣ್ಣ, ಮಧ್ಯೆ ಒಂದು ಡೊಂಕು ಕೆಂಪು ಗೆರೆ, ಕೆಳಗೊಂದು ಹಳದಿ ಮೊಟ್ಟೆ. ಹೆಂಡತಿ ಜಯಲತಾ ಅದನ್ನು ನೋಡಿ, "ಇದು ಮನೆಯಲ್ಲಿದ್ದರೆ ನನಗೆ ತಲೆ ತಿರುಗ್ತದೆ ಮಾರಾಯ್ರೆ" ಎಂದಿದ್ದಳು.

ಆಗ ಎರಡನೇ ಮಹಡಿಯ ಮೆಟ್ಟಿಲ ಮೂಲೆಗೆ ಬಂದುಹೋಗುವವರೆಲ್ಲ ಗುಟ್ಕಾ ಉಗುಳುತ್ತಿದ್ದರು. ಅಂಥ ಮೂಲೆಗಳಿಗೆ ಎಲ್ಲ ಕಟ್ಟಡದವರೂ ದೇವರ ಟೈಲ್ಸ್ ಅಂಟಿಸುತ್ತಾರೆ. ಭುಜಂಗ ಟೈಲ್ಸಿನ ಖರ್ಚು ಉಳಿಸಿ ಆ ಚಿತ್ರ ತೂಗುಹಾಕಿದ. ವಾರದೊಳಗೆ ಕೆಳಮನೆಯ ದ್ರೌಪದಕ್ಕನಿಗೆ ಕೆಂಪು ಗೆರೆಯಲ್ಲಿ ಸೊಂಡಿಲೂ ಹಳದಿ ಮೊಟ್ಟೆಯಲ್ಲಿ ಹೊಟ್ಟೆಯೂ ಕಂಡವು. ಅಂದಿನಿಂದ ದಿನಾ ದಾಸವಾಳ, ಊದುಬತ್ತಿ. ಉಗುಳುವವರು ಚಪ್ಪಲಿ ಬಿಟ್ಟು ಕೈಮುಗಿಯತೊಡಗಿದರು.

ಮೂವತ್ತೆಂಟು ಲಕ್ಷ! ಭುಜಂಗನದು ಒಂದು ಕೋಣೆ, ಒಂದು ಅಡುಗೆಮನೆ. ಮಗಳು ಪ್ರಣೀತಾ ಹತ್ತನೇ ತರಗತಿ. ಗ್ಯಾಸ್ ಸಿಲಿಂಡರಿಗೆ ಒರಗಿ ಕುಳಿತು ಓದುತ್ತಿದ್ದಳು. ಜಯಲತಾ ಹದಿನೈದು ವರ್ಷದಿಂದ ಚಿನ್ನ ಕೇಳಿದವಳಲ್ಲ, ಸೀರೆ ಕೇಳಿದವಳಲ್ಲ, ಇನ್ನೊಂದು ಕೋಣೆ ಮಾತ್ರ ಕೇಳುತ್ತಿದ್ದಳು. ಆ ಕೋಣೆ ಈಗ ಮೆಟ್ಟಿಲ ಮೂಲೆಯಲ್ಲಿ ಕುಂಕುಮ ಹಚ್ಚಿಸಿಕೊಂಡು ತೂಗುತ್ತಿತ್ತು.

ಅವಳಿಗೆ ಹೇಳಲೇ? ಛೇ! ಜಯಲತಾಳಿಗೆ ಹೇಳಿದರೆ ದ್ರೌಪದಕ್ಕನಿಗೆ ಹೇಳಿದ ಹಾಗೆ, ದ್ರೌಪದಕ್ಕನಿಗೆ ಹೇಳಿದರೆ ಕಲ್ಯಾಣ ಸ್ಟೇಷನ್ನಿನವರೆಗೆ ಡಂಗುರ ಹೊಡೆಸಿದ ಹಾಗೆ. ಭುಜಂಗ ಪ್ರಕಟಣೆಯನ್ನು ನಾಲ್ಕು ಮಡಿಕೆ ಮಾಡಿ ಬನಿಯನ್ನಿನೊಳಗೆ ತುರುಕಿ, ಸ್ಟೂಲ್ ಹಿಡಿದು ಹೊರಗೆ ಬಂದ.

ಬಂದರೆ ಚಿತ್ರದ ಮುಂದೆ ಸೊಸೈಟಿ ಸೆಕ್ರೆಟರಿ ರಘುಪತಿ! ಧಾರವಾಡ ಕಡೆಯವರು, ಬಲ್ಬ್ ಸುಟ್ಟರೂ ವಿಚಾರಣೆ ನಡೆಸುವ ಜಾತಿ. ಇವತ್ತೇ ಯಾಕೆ ಇಲ್ಲಿ ನಿಂತಿದ್ದಾರೆ? ಇವರೂ ಅದೇ ಹೋಟೆಲಿನ ಇಡ್ಲಿ ತಂದರೇ?

"ಏನ್ರೀ ಭುಜಂಗರಾವ್, ಸ್ಟೂಲ್ ಹಿಡ್ಕೊಂಡು ಎಲ್ಲಿಗೆ ಹೊಂಟ್ರಿ?"

"ಫ್ರೇಮಿಗೆ ಗೆದ್ದಲು ಹಿಡಿದ ಹಾಗೆ ಉಂಟು. ರಿಪೇರಿ ಮಾಡಿಸಿ ತರ್ತೇನೆ."

"ಎಂಟು ವರ್ಷದಾಗ ಇಲ್ಲದ ಗೆದ್ದಲ ಇವತ್ತ ಬಂತೇನು?" ರಘುಪತಿ ಕನ್ನಡಕದ ಮೇಲಿನಿಂದ ನೋಡಿದರು. "ಕೈ ಹಚ್ಚಬ್ಯಾಡ್ರಿ. ಕಾಮನ್ ಜಾಗಾದಾಗಿನ ಸಾಮಾನು ಸೊಸೈಟಿದು. ಸೋಮವಾರ ಪೆಸ್ಟ್ ಕಂಟ್ರೋಲ್‌ನವರನ್ನ ಕರಸ್ತೀನಿ."

ಸೋಮವಾರ! ಅಷ್ಟರಲ್ಲಿ ಹೂವಿನ ಬಟ್ಟಲು ಹಿಡಿದು ದ್ರೌಪದಕ್ಕ ಬಂದರು. ಸ್ಟೂಲಿನ ಮೇಲೆ ಭುಜಂಗನ ಒಂದು ಕಾಲು ನೋಡಿ ಬಟ್ಟಲನ್ನು ಎದೆಗೆ ಒತ್ತಿಕೊಂಡರು.

"ದೇವರನ್ನು ಎಲ್ಲಿಗೆ ಕೊಂಡು ಹೋಗುದು ಮಗಾ?"

ನಾಲ್ಕು ಬಾಗಿಲು ತೆರೆದುಕೊಂಡವು. ಎಂಟು ಕಣ್ಣು ಭುಜಂಗನ ಬನಿಯನ್ನಿನ ಮೇಲೇ ನೆಟ್ಟ ಹಾಗಾಯಿತು. ಸಿಕ್ಕಿಬಿದ್ದ ಮನುಷ್ಯನ ಬಾಯಿಗೆ ಮೊದಲು ಬರುವುದು ಸುಳ್ಳು, ಅದರ ಹಿಂದೆಯೇ ದೇವರು. ಅವನಿಗೆ ಎರಡೂ ಒಟ್ಟಿಗೆ ಬಂದವು.

"ನಿನ್ನೆ ಕನಸಲ್ಲಿ ಬಂದಿದ್ರು ಅಕ್ಕ. 'ಎಂಟು ವರ್ಷ ಆಯ್ತು, ಸಾಕು, ನನ್ನನ್ನು ನೀರಿಗೆ ಬಿಡು' ಅಂತ ಹೇಳಿದ್ರು."

ದ್ರೌಪದಕ್ಕ ಅಲ್ಲೇ ಅಡ್ಡಬಿದ್ದರು. ರಘುಪತಿ ಕೂಡ ಕೈಮುಗಿದರು. ಅಬ್ಬಾ ಗೆದ್ದೆ ಎಂದು ಭುಜಂಗ ಚಿತ್ರ ಇಳಿಸುವಷ್ಟರಲ್ಲಿ ರಘುಪತಿ ಗಡಿಯಾರ ನೋಡಿದರು.

"ಎರಡು ಗಂಟೆಗೆ ಎಲ್ಲಾರೂ ಹೋಗೂಣು. ರೇತಿಬಂದರ್ ಖಾಡಿಗೆ ನಾಲ್ಕು ರಿಕ್ಷಾ ಸಾಕು."

"ಒಬ್ಬನೇ ಬರಬೇಕು ಅಂತ ಹೇಳಿದ್ದಾರೆ..."

"ಗಣಪ್ಪ ಯಾವತ್ತರ ಮಂದಿ ಬಿಟ್ಟು ಹೋಗ್ಯಾನೇನ್ರೀ?" ಎಂದು ರಘುಪತಿ ಮತ್ತೆ ಕನ್ನಡಕದ ಮೇಲಿನಿಂದ ನೋಡಿದರು. ಭುಜಂಗ ಚಿತ್ರವನ್ನು ಕಂಕುಳಿಗೆ ಸೇರಿಸಿ ಸ್ಟೂಲಿನಿಂದ ಇಳಿದ.

ಹೊರಡುವ ಮುನ್ನ ಭುಜಂಗನ ಮನೆಯಲ್ಲೇ ಕೊನೆಯ ಪೂಜೆ ಎಂದು ನಿಶ್ಚಯವಾಯಿತು. ಜಯಲತಾ ಕಡುಬಿಗೆ ಹಿಟ್ಟು ಕಲಸಲು ಒಳಗೆ ಹೋದಳು. ಅಷ್ಟು ಹೊತ್ತು ಸಾಕಾಯಿತು. ಭುಜಂಗ ಕೋಣೆಯ ಚಿಲಕ ಹಾಕಿ, ಪ್ರಣೀತಾಳ ಹಳೆಯ ಡ್ರಾಯಿಂಗ್ ಬೋರ್ಡ್ ಹುಡುಕಿ ತೆಗೆದ. ಅಳತೆ ಸರಿಸುಮಾರು ಒಂದೇ. ಕೆಂಪು ಬಟ್ಟೆ ಎರಡು ತುಂಡು ಮಾಡಿ ಎರಡು ಗಂಟು ಕಟ್ಟಿದ. ಬೋರ್ಡಿನ ಗಂಟು ದೇವರ ಮಣೆಯ ಮೇಲೆ, ಚಿತ್ರದ ಗಂಟು ಮಂಚದ ಅಡಿ, ಟ್ರಂಕಿನ ಹಿಂದೆ. ಆಮೇಲೆ ಸ್ನಾನಕ್ಕೆ ಹೋದ; ವಿಸರ್ಜನೆ ಮಾಡುವವನು ಮಡಿಯಲ್ಲಿರಬೇಕೆಂದು ದ್ರೌಪದಕ್ಕನ ಕಟ್ಟಪ್ಪಣೆ.

ಸ್ನಾನ ಮುಗಿಸಿ ಬಂದರೆ ಜಯಲತಾ ಮಣೆಯ ಮುಂದೆ ಕಣ್ಣು ಮುಚ್ಚಿ ಕುಳಿತಿದ್ದಳು. ಭುಜಂಗನಿಗೆ ಅವಳ ಮೇಲೂ ಅನುಮಾನ. ಬಗ್ಗಿ ನೋಡಿದ, ಟ್ರಂಕಿನ ಹಿಂದೆ ಕೆಂಪು ಬಟ್ಟೆ ಇದ್ದಲ್ಲೇ ಇತ್ತು.

ಖಾಡಿಯ ಹಿನ್ನೀರಿನ ದಡದಲ್ಲಿ ಅವನಿಗೆ ಹೊಸ ಹೆದರಿಕೆ ಹುಟ್ಟಿತು. ಬೋರ್ಡ್ ಹಗುರ. ತೇಲಿ, ಬಟ್ಟೆ ಬಿಚ್ಚಿ, ಬಣ್ಣ ಬಯಲಾದರೆ? ಪಕ್ಕದಲ್ಲಿ ಬಿದ್ದಿದ್ದ ಎರಡು ಇಟ್ಟಿಗೆ ತಂದು ಗಂಟಿಗೆ ಸೇರಿಸಿ ಹಗ್ಗ ಸುತ್ತಿದ. ಒಂದು ಗಂಟು, ಎರಡು, ಮೂರು.

"ಇಷ್ಟು ಬಿಗೀತೀರಲ್ರೀ, ಯಾಕ?" ಎಂದರು ರಘುಪತಿ.

"ದೇವರು ತೇಲಬಾರದು ರಘುಪತಿಯವರೇ. ಅಪಚಾರ."

'ಗಣಪತಿ ಬಪ್ಪಾ ಮೋರಯಾ' ಎಂದು ಎಲ್ಲರೂ ಕೂಗಿದರು. ಭುಜಂಗ ಸೊಂಟದವರೆಗೆ ನೀರಿಗಿಳಿದು ಕೈಬಿಟ್ಟ. ಗಂಟು ಗುಳುಂ ಎಂದು ಕೆಸರಿಗೆ ಇಳಿಯಿತು. ದ್ರೌಪದಕ್ಕ ಬಿಕ್ಕಿಬಿಕ್ಕಿ ಅತ್ತರು. ಭುಜಂಗನ ಕಣ್ಣಲ್ಲೂ ನೀರು ಬಂತು, ಅದು ಸಂತೋಷದ ನೀರು.

ಪ್ರಸಾದ ಹಂಚುವ ಗದ್ದಲದಲ್ಲಿ ಅವನು ಮೆಲ್ಲಗೆ ಜಾರಿ, ಮನೆಗೆ ಬಂದು ಬಟ್ಟೆ ಬದಲಿಸಿ, ಮಂಚದ ಅಡಿಯ ಗಂಟು ಎಳೆದು ಸ್ಟೇಷನ್ನಿಗೆ ಓಡಿದ. ಫಾಸ್ಟ್ ಲೋಕಲ್ ರೈಲಿನಲ್ಲಿ ಎಲ್ಲರೂ ಕಳ್ಳರಂತೆ ಕಂಡರು. ಒಬ್ಬ ಪೇಪರ್ ಓದುತ್ತಿದ್ದ, ಅವನು ಖಂಡಿತ ಕಳ್ಳ. "ಭಾಯ್, ಸಾಮಾನ್ ಊಪರ್ ರಖ್ ದೋ" ಎಂದು ಮೇಲಿನ ಸಾಮಾನಿನ ಹಲಗೆ ತೋರಿಸಿದವನು ಅವನಿಗಿಂತ ದೊಡ್ಡ ಕಳ್ಳ. ಭುಜಂಗ ಗಂಟನ್ನು ಬಾಣಂತಿ ಕೂಸನ್ನು ಅಪ್ಪಿಕೊಂಡ ಹಾಗೆ ಅಪ್ಪಿಕೊಂಡು ಠಾಣೆಯಲ್ಲಿ ಇಳಿದ.

ಹರಾಜಿನ ಕಚೇರಿ ತಲುಪುವಾಗ ಐದಕ್ಕೆ ಹತ್ತು ನಿಮಿಷವಿತ್ತು. ಚಿತ್ರ ಪರೀಕ್ಷಿಸುವ ಹುಡುಗಿ ಪೂಜಿತಾ ಇವನ ಮಾತಿನ ಧಾಟಿ ಕೇಳಿ, "ನೀವೂ ಉಡುಪಿ ಕಡೆಯವರಾ ಸರ್?" ಎಂದು ನಕ್ಕಳು. ಶಿವರಾಯರ ಹೆಸರು ಕೇಳಿದ್ದೇ ನಗು ನಿಲ್ಲಿಸಿ, ಬಿಳಿ ಕೈಗವಸು ಹಾಕಿ, ದೀಪ ಸರಿಮಾಡಿ, ಉಸಿರು ಬಿಗಿಹಿಡಿದು ಗಂಟು ಬಿಚ್ಚಿದಳು.

ಒಳಗೆ ಡ್ರಾಯಿಂಗ್ ಬೋರ್ಡ್. ಕಂಪಾಸಿನ ತೂತುಗಳು, ಶಾಯಿಯ ಕಲೆ, ಮೂಲೆಯಲ್ಲಿ ಸ್ಕೆಚ್ ಪೆನ್ನಿನಲ್ಲಿ ಬರೆದ 'ಪ್ರಣೀತಾ, ಏಳನೇ ಬಿ'.

ಪೂಜಿತಾ ಕತ್ತು ಓರೆ ಮಾಡಿ ಬಹಳ ಹೊತ್ತು ನೋಡಿದಳು. "ಇದು ಅವರ ಕೊನೆಗಾಲದ ಕೃತಿಯಾ ಸರ್?"

ಭುಜಂಗ ಬೋರ್ಡನ್ನು ಮಗುಚಿ ನೋಡಿದ. ಮನೆಗೆ ಫೋನ್ ಹಚ್ಚಿದ.

"ಜಯಾ, ಮಂಚದ ಅಡಿಯ ಗಂಟು..."

"ಓ ಅದಾ?" ಎಂದಳು ಜಯಲತಾ. "ನಿಮಗೆ ಎಂತ ಮರೆವು ಮಾರಾಯ್ರೆ! ಗುಡಿಸುವಾಗ ಸಿಕ್ಕಿತು, ಬಿಚ್ಚಿ ನೋಡಿದ್ರೆ ಒಳಗೆ ದೇವರು! ಮಣೆ ಮೇಲೆ ಬೋರ್ಡು! ಗಡಿಬಿಡಿಯಲ್ಲಿ ಅದಲು ಬದಲು ಮಾಡಿದ್ರಿ. ಅಷ್ಟು ಜನರ ಮುಂದೆ ನಿಮ್ಮ ಮರ್ಯಾದೆ ಹೋಗಬಾರದು ಅಂತ ನಾನೇ ಸರಿ ಮಾಡಿ ಇಟ್ಟೆ. ದ್ರೌಪದಕ್ಕನ ಹತ್ರ ಕೂಡ ಒಂದು ಮಾತು ಬಾಯಿ ಬಿಡ್ಲಿಲ್ಲ ನೋಡಿ."

ಭುಜಂಗ ಹತ್ತಿರದ ಕುರ್ಚಿ ಹಿಡಿದು ಕುಳಿತ. ಪೂಜಿತಾ ನೀರು ತರಲು ಓಡಿದಳು.

"ಕೇಳ್ತಾ ಉಂಟಾ?" ಜಯಲತಾಳ ದನಿ ಮೆತ್ತಗಾಯಿತು. "ನೀವು ನೀರಿಗೆ ಬಿಡುವಾಗ ನಾನು ದಡದಲ್ಲಿ ನಿಂತು ಒಂದೇ ಕೇಳಿಕೊಂಡೆ. ನಮಗೆ ಇನ್ನೊಂದು ಕೋಣೆ ಮಾಡಿಕೊಡು ಅಂತ. ನೀವೇ ಕೈಯಾರೆ ಬಿಟ್ಟದ್ದಲ್ವಾ, ಕೊಟ್ಟೇ ಕೊಡ್ತಾನೆ."