ಯೌವನದ ವಯೋಮಿತಿ ಪರಿಷ್ಕರಣೆ

ಕಳೆದುಹೋದ ಒಂದು ಕುರಿಗಾಗಿ ತೊಂಬತ್ತೊಂಬತ್ತನ್ನು ಬಿಟ್ಟು ಹೊರಡುವ ಕುರುಬನಿಗೆ ಮೊದಲ ವಂದನೆ. ಆತನು ಸಮಿತಿ ನೇಮಿಸದೆ ಹೊರಟದ್ದು ನಮ್ಮೆಲ್ಲರ ಭಾಗ್ಯ.

ನಮ್ಮ ಚರ್ಚಿನ ಸಭೆಯಲ್ಲಿ ಯೌವನಸ್ಥರಿಲ್ಲವೆಂಬ ಸಂಗತಿಯನ್ನು ಮೊದಲು ಪತ್ತೆಹಚ್ಚಿದ್ದು ದೇವಾಲಯ ಗುಡಿಸುವ ಅಜ್ಜಿ. ಹಿಂದಿನ ನಾಲ್ಕು ಬೆಂಚುಗಳ ಕೆಳಗೆ ಚಾಕಲೇಟು ಕಾಗದ ಸಿಗದೆ ಆರು ತಿಂಗಳಾಗಿತ್ತು. ಅಲ್ಲಿ ಕೂರುತ್ತಿದ್ದ ಅವಳ ಹದಿನೇಳರ ಮೊಮ್ಮಗಳು, ತಾಯಿಯನ್ನು ಮಣ್ಣು ಮಾಡಿದ ದಿನದಿಂದ ಹೊಸ್ತಿಲು ತುಳಿದಿರಲಿಲ್ಲ. ಆ ಒಂದು ಮಗು ತಿರುಗಿ ಬಂದರೆ ಸಾಕು ಎಂಬುದೇ ಅಜ್ಜಿಯ ಪ್ರಾರ್ಥನೆ.

ಅಜ್ಜಿ ಕಾರ್ಯದರ್ಶಿಗಳಿಗೆ ತಿಳಿಸಿದಳು. ಕೂಡಲೇ ಯೌವನಸ್ಥರ ಆಕರ್ಷಣಾ ಸಮಿತಿ ನೇಮಕವಾಯಿತು. ನಿಯಮದ ಪ್ರಕಾರ ಸದಸ್ಯರಲ್ಲಿ ಅರ್ಧದಷ್ಟು ಮಂದಿ ಯೌವನಸ್ಥರಿರಬೇಕು. ಹಾಜರಿದ್ದವರಲ್ಲಿ ಎಲ್ಲರಿಗಿಂತ ಎಳೆಯರು ಕಾರ್ಯದರ್ಶಿಗಳೇ, ಅವರಿಗೆ ಐವತ್ತೊಂಬತ್ತು. ಆದಕಾರಣ ಯೌವನದ ಗರಿಷ್ಠ ವಯಸ್ಸನ್ನು ಅರವತ್ತಕ್ಕೆ ಏರಿಸುವ ಠರಾವು ಮಂಡನೆಯಾಯಿತು.

“ಹಾಗಾದ್ರೆ ನಾನು ಮುದುಕನೇನ್ರಿ?” ಎಂದು ಅರವತ್ತೆಂಟರ ಖಜಾಂಚಿ ಮುಖ ಊದಿಸಿಕೊಂಡರು.

ಸಹೋದರಪ್ರೀತಿಯಿಂದ ಮಿತಿ ಎಪ್ಪತ್ತಾಯಿತು. ಅನನುಭವಿಗಳಿಂದ ಯೌವನಕ್ಕೆ ಕಳಂಕ ಬಾರದಿರಲೆಂದು ಕನಿಷ್ಠ ವಯಸ್ಸನ್ನು ನಲವತ್ತೈದೆಂದು ನಿಗದಿಪಡಿಸಲಾಯಿತು. ಒಂದೇ ಸಂಜೆಯಲ್ಲಿ ಸಭೆಗೆ ನಲವತ್ತಮೂರು ಯೌವನಸ್ಥರು ದೊರೆತರು. ಎಲ್ಲರೂ ಎದ್ದು ನಿಂತು ಸ್ತೋತ್ರ ಹೇಳಿದರು. ಖಜಾಂಚಿ ಮಂಡಿನೋವಿನ ಕಾರಣ ಕೂತೇ ಹೇಳಿದರು.

ಅಜ್ಜಿಗೆ ಠರಾವಿನ ಒಳಗುಟ್ಟು ತಿಳಿಯದು. ಮನೆಗೆ ಓಡಿದಳು.

“ಯೌವನಸ್ಥರ ಕೂಟ ಶುರುವಾಗಿದ್ಯಂತೆ ಕಣೇ. ಒಂದ್ಸಲ ಬಾ.”

“ಬಂದ್ರೆ ಒಂದು ಪ್ರಶ್ನೆ ಕೇಳ್ತೀನಿ. ಸುಮ್ನೆ ಬಾಯಿಮಾತಿನ ಸಮಾಧಾನ ಹೇಳಿದ್ರೆ, ಮತ್ತೆಂದೂ ಕರೀಬಾರ್ದು.”

“ಆಯ್ತು ತಾಯಿ,” ಎಂದಳು ಅಜ್ಜಿ.

ಭಾನುವಾರ ಬಾಗಿಲಲ್ಲಿ ಕಾರ್ಯದರ್ಶಿಗಳು ಪುಸ್ತಕ ತೆರೆದರು. “ವಯಸ್ಸು ಎಷ್ಟಮ್ಮ?”

“ಹದಿನೇಳು.”

“ಅಯ್ಯೋ ಮಗಳೇ, ಇದು ಯೌವನಸ್ಥರಿಗೆ!”

ಒಳಗೆ ಖಜಾಂಚಿ ಟೋಪಿಯನ್ನು ಹಿಂದುಮುಂದಾಗಿ ಹಾಕಿಕೊಂಡು ಚಪ್ಪಾಳೆ ತಟ್ಟುತ್ತಿದ್ದರು.

“ಹಾಗಾದ್ರೆ ನಾನ್ಯಾರು ಅಂಕಲ್?”

ಕಾರ್ಯದರ್ಶಿಗಳದು ಕಲ್ಲುಮನಸ್ಸಲ್ಲ. ನಿಯಮಾವಳಿಯನ್ನು ಎರಡು ಸಲ ತಿರುವಿದರು. ವೃದ್ಧರ ಕೂಟಕ್ಕೆ ಮಾತ್ರ ಕನಿಷ್ಠ ವಯಸ್ಸೆಂಬುದೇ ಇರಲಿಲ್ಲ. ಅಲ್ಲಿಗೆ ಯಾರಾದರೂ ಆಸೆಪಟ್ಟು ಬಂದಾರೆಂದು ಯಾರಿಗೂ ಹೊಳೆದಿರಲಿಲ್ಲ. ಹುಡುಗಿಯನ್ನು ವೃದ್ಧೆಯೆಂದು ನಮೂದಿಸಿಕೊಂಡು ಹಿಂದಿನ ಕೋಣೆಗೆ ಕಳಿಸಿದರು.

ಅಲ್ಲಿ ಅಜ್ಜಿಯೂ ಇನ್ನಿಬ್ಬರು ಮುದುಕಿಯರೂ ಹರಿದ ಹಾಡಿನ ಪುಸ್ತಕಗಳಿಗೆ ಅಂಟು ಹಚ್ಚುತ್ತಿದ್ದರು. ಹುಡುಗಿ ನಿಂತೇ ಕೇಳಿದಳು: “ಅಮ್ಮ ಉಳೀಲಿ ಅಂತ ನಲವತ್ತು ದಿನ ಬೇಡಿಕೊಂಡೆ. ದೇವರಿಗೆ ಕೇಳಿಸಲಿಲ್ವಾ?”

ಕುಂಚಗಳು ನಿಂತವು. ಸತ್ತವಳು ಅಜ್ಜಿಯ ಹೊಟ್ಟೆಯ ಮಗಳು.

“ನಾನೂ ಅದನ್ನೇ ಕೇಳ್ತಾ ಇದೀನಿ ಮಗಾ. ದಿನಾ, ಗುಡಿಸ್ತಾ ಗುಡಿಸ್ತಾ. ಉತ್ತರ ಬಂದಿಲ್ಲ. ಆದ್ರೆ ಕೇಳೋವಾಗ ಒಬ್ಬಳೇ ಇದೀನಿ ಅಂತ ಒಂದಿನಾನೂ ಅನ್ನಿಸಿಲ್ಲ. ಕೂತ್ಕೋ. ಜೊತೇಲೇ ಕೇಳೋಣ.”

ಹುಡುಗಿ ಕೂತು, ಒಂದು ಕುಂಚ ಎತ್ತಿಕೊಂಡಳು.

ಮುಂದಿನ ವಾರ ಇಬ್ಬರು ಗೆಳತಿಯರನ್ನು ಕರೆತಂದಳು. ತಿಂಗಳೊಳಗೆ ಅವರು ಹನ್ನೆರಡು ಮಂದಿಯಾದರು, ಎಲ್ಲರೂ ವೃದ್ಧರ ಪಟ್ಟಿಯಲ್ಲೇ. ಸಮಿತಿ ಗಂಭೀರವಾಗಿ ಚರ್ಚಿಸಿ ಫಲಕದಲ್ಲಿ ಹೀಗೆ ಬರೆಸಿತು:

“ಪ್ರಕಟಣೆ. ನಮ್ಮ ಸಭೆಯಲ್ಲಿ ವೃದ್ಧರ ಸಂಖ್ಯೆ ಆತಂಕಕಾರಿಯಾಗಿ ಏರುತ್ತಿದ್ದು, ಯೌವನಸ್ಥರು ನಲವತ್ತಮೂರರಲ್ಲೇ ನಿಂತಿರುತ್ತಾರೆ. ಸಭೆಯ ಭವಿಷ್ಯಕ್ಕಾಗಿ ಶುಕ್ರವಾರ ಉಪವಾಸ ಪ್ರಾರ್ಥನೆ. ವೃದ್ಧರ ಅನುಕೂಲಕ್ಕಾಗಿ ಮೆಟ್ಟಿಲಿಗೆ ಕಂಬಿ ಹಾಕಿಸಲಾಗಿದೆ.”

ವೃದ್ಧರು ಆ ಕಂಬಿಯ ಮೇಲೆ ಜಾರುತ್ತ ಇಳಿದರು. ಯೌವನಸ್ಥರು ಅದನ್ನು ಹಿಡಿದುಕೊಂಡು ಮೆಲ್ಲಗೆ ಹತ್ತಿದರು. ಯಾರಿಗೂ ಏನೂ ವಿಚಿತ್ರವೆನಿಸಲಿಲ್ಲ.

ಅಜ್ಜಿ ಸೊಂಟ ಹಿಡಿದುಕೊಂಡು ಹಿಂದಿನ ಬೆಂಚಿನ ಕೆಳಗೆ ಬಗ್ಗಿದಳು. ಚಾಕಲೇಟು ಕಾಗದ, ಏಳು.

“ಹಾಳು ಮುದುಕಿಯರು!” ಎಂದು ಬೈದು ಕಣ್ಣೊರೆಸಿಕೊಂಡಳು.

ಇದನ್ನು ಕೇಳಿದ ನಿಮ್ಮೆಲ್ಲರ ಬೆಂಚುಗಳ ಕೆಳಗೂ ಗುಡಿಸುವಷ್ಟು ಕಸ ಬೀಳಲಿ. ಆತನ ಕೃಪೆ ನಿಮ್ಮ ಮನೆ ತುಂಬಿರಲಿ. ಆಮೆನ್.