ಅರ್ಧ ಮಾತಿನ ಮೇಡಂ

ಪಾಠ ಹೇಳುವವರ ಬಾಯಿ ಸಂಜೆ ಗಂಟೆ ಹೊಡೆದ ಮೇಲೂ ಶಾಲೆಯಲ್ಲೇ ಇರುತ್ತದೆ. ನನ್ನ ಬಾಯಂತೂ ಭಾನುವಾರವೂ ರಜೆ ತೆಗೆದುಕೊಂಡಿದ್ದಿಲ್ಲ. ಅದರಿಂದ ನನ್ನ ಕೆಲಸವೇ ಹೋಗುವುದರಲ್ಲಿತ್ತು, ಅದನ್ನು ಹೇಳಿಕೊಂಡರೆ ಜನ ನಗುತ್ತಾರೆ. ನಗಲಿ ಬಿಡಿ.

ಎಪ್ಪತ್ತರ ದಶಕದ ಕೊನೆ. ಗುಬ್ಬಿಯ ನಮ್ಮ ಮನೆಯಿಂದ ದಿನಾ ಬಸ್ಸು ಹಿಡಿದು ಸಿ.ಎಸ್. ಪುರದ ಹತ್ತಿರದ ಒಂದು ಶಾಲೆಗೆ ಹೋಗುತ್ತಿದ್ದೆ. ನನ್ನ ಪಾಲಿಗೆ ಬಂದದ್ದು ಎರಡನೇ ಕ್ಲಾಸು. ಮಕ್ಕಳು ಬಾಯಲ್ಲಿ ಆಡಿದ್ದನ್ನೇ ಸ್ಲೇಟಿನ ಮೇಲೆ ಇಳಿಸುತ್ತಿದ್ದರು. ‘ರಾಮ ಬತ್ತವ್ನೆ’, ‘ಸೀತೆ ಹೋಯ್ತಾವ್ಳೆ’. “ಬರುತ್ತಾನೆ ಅಂತ ಬರೀಬೇಕು ಕಣೇ” ಎಂದರೆ ಪುಟ್ಟಲಕ್ಷ್ಮಿ ಎಂಬ ಹುಡುಗಿ ಎದ್ದು ನಿಂತು, “ನಮ್ಮಪ್ಪ ಬರುತ್ತಾನೆ ಅಂದ್ರೆ ನಮ್ಮಪ್ಪ ಬಂದಂಗೇ ಇರಾಕಿಲ್ಲ ಮಿಸ್, ಯಾರೋ ಅಮಲ್ದಾರ್ರು ಬಂದಂಗಾಯ್ತದೆ” ಅಂದಳು. ಅವಳು ಹೇಳಿದ್ದು ನಿಜವೇ. ಆದರೆ ಪರೀಕ್ಷೆಯಲ್ಲಿ ಅಮಲ್ದಾರರಿಗೇ ನಂಬರು.

ಇನ್ನೂ ಕೆಲವರು ‘ಬರುತಾನೆ’ ಎಂದು ಒತ್ತು ನುಂಗಿಬಿಡುತ್ತಿದ್ದರು. ಬೈದು ನೋಡಿದೆ, ಮುದ್ದು ಮಾಡಿ ನೋಡಿದೆ, ಆಮೇಲೆ ಒಂದು ಉಪಾಯ ಹುಡುಕಿದೆ. ಕ್ರಿಯಾಪದದ ತಲೆ ನನ್ನದು, ಬಾಲ ಅವರದು. ನಾನು “ರಾಮ ಬರು...” ಎಂದು ನಿಲ್ಲಿಸಬೇಕು. ಇಡೀ ಕ್ಲಾಸು “ತ್ತಾನೆ!” ಎಂದು ಕಿರುಚಿ, ಒತ್ತು ಬಂದ ಕಡೆ ತೊಡೆ ತಟ್ಟಬೇಕು, ಆಮೇಲೆ ಬರೆಯಬೇಕು. ಸರಿಯಾಗಿ ಹೇಳಿದವರಿಗೆ “ಜಾಣ, ಕೂತ್ಕೋ”. ತಪ್ಪಿದರೆ “ಇನ್ನೊಂದು ಸಲ”. ಆ ಕೂಗಿಗೆ ಪಕ್ಕದ ಹೊಲದ ಎತ್ತುಗಳು ಬೆದರುತ್ತಿದ್ದವು. ಮಕ್ಕಳಂತೂ ಕಲಿತುಬಿಟ್ಟರು. ಒತ್ತು ಬಿಡದೆ ಬರೆದ ಸ್ಲೇಟುಗಳನ್ನು ಸಾಲಾಗಿ ಎತ್ತಿ ಹಿಡಿದಾಗ ನನಗೆ ಆಗುತ್ತಿದ್ದ ಸಂತೋಷವನ್ನು ಯಾವ ರೇಷ್ಮೆ ಸೀರೆಯೂ ಕೊಟ್ಟಿಲ್ಲ.

ಮಕ್ಕಳಿಗೆ ಬಾಲ ಬಂತು, ನನಗೆ ಹೋಯಿತು. ಯಾವ ಮಾತನ್ನೂ ಪೂರ್ತಿ ಮಾಡದಾದೆ. ಬಸ್ಸಿನಲ್ಲಿ “ಒಂದು ಸಿ.ಎಸ್. ಪುರ ಕೊ...” ಎಂದು ಕಂಡಕ್ಟರ್ ಮುಖ ನೋಡುತ್ತ ನಿಲ್ಲುತ್ತಿದ್ದೆ. “ಕೊಡ್ತೀನಿ ತಾಯಿ, ಉಸಿರಾದ್ರೂ ಪೂರ್ತಿ ಬುಡಿ” ಅನ್ನುತ್ತಿದ್ದ. ಮನೆಯಲ್ಲಿ “ಅಮ್ಮ, ಸ್ನಾನಕ್ಕೆ ಹೋಗು...” ಎಂದರೆ ಅಮ್ಮ, “ಹೋಗು, ಯಾರು ಬೇಡ ಅಂದ್ರು” ಎಂದು ರೇಗುತ್ತಿದ್ದಳು.

ಇಂಥ ಹೊತ್ತಿನಲ್ಲಿ ನನ್ನನ್ನು ನೋಡಲು ಕುಣಿಗಲ್ ಕಡೆಯಿಂದ ಗಂಡಿನವರು ಬಂದರು. ಊರು ಮಾರ್ಕೋನಹಳ್ಳಿ ಹತ್ತಿರ, ಹುಡುಗ ತುಮಕೂರಿನಲ್ಲಿ ಗುಮಾಸ್ತ. ಅವರಮ್ಮನಿಗೆ ಸೊಸೆ ಕೆಲಸಕ್ಕೆ ಹೋಗುವುದು ಸುತರಾಂ ಇಷ್ಟವಿಲ್ಲ ಎಂದು ಮೊದಲೇ ಸುದ್ದಿ ಬಂದಿತ್ತು. ಅಪ್ಪನಿಗೆ ಹೇಗಾದರೂ ಸಂಬಂಧ ಕುದುರಿದರೆ ಸಾಕು. ನನಗೆ ಮಾತ್ರ ಆ ಕ್ಲಾಸನ್ನು ಬಿಡುವುದೆಂದರೆ ಜೀವ ಬಿಟ್ಟ ಹಾಗೆ. ಕೇಳಿದರೆ ಖಂಡಿತವಾಗಿ ಹೇಳಿಬಿಡುವುದೆಂದು ಗಟ್ಟಿ ಮನಸ್ಸು ಮಾಡಿಕೊಂಡಿದ್ದೆ.

ಉಪ್ಪಿಟ್ಟು ಮುಗಿಯುವ ಮೊದಲೇ ಅವರಮ್ಮ ಕೇಳಿದರು: “ನೋಡಮ್ಮ, ಮದ್ವೆ ಆದ್ಮೇಲೆ ಕೆಲಸ ಬಿಡ್ತೀಯೋ ಹೆಂಗೆ?”

ಹೆದರಿಕೆಗೆ ಬಾಯಿ ನೇರ ಶಾಲೆಗೆ ಓಡಿತು. “ಮದುವೆಯಾದ ಮೇಲೆ ನಾನು ಕೆಲಸ ಬಿಡು...” ಎಂದೆ. ಎಂದು, ಎಲ್ಲರ ಮುಖ ನೋಡುತ್ತ ನಿಂತೆ.

“ಬಿಡ್ತಾಳಂತೆ!” ಎಂದು ಅವರಮ್ಮ ಅರಳಿದರು. “ಪಾಪ, ಪೂರ್ತಿ ಹೇಳೋಕೂ ನಾಚಿಕೆ ಮಗೂಗೆ.” ಅಪ್ಪ ಅವಸರದಲ್ಲಿ, “ಬಿಡ್ತಾಳೆ, ಬಿಡ್ತಾಳೆ” ಅಂದರು. ನಮ್ಮ ಸೋದರತ್ತೆ ಬಾಗಿಲ ಸಂದಿಯಿಂದ, “ಬಿಡದೆ ಇನ್ನೇನು” ಎಂದು ಸೇರಿಸಿದರು.

ಇಡೀ ಕ್ಲಾಸು ಒಟ್ಟಿಗೆ ತಪ್ಪು ಹೇಳಿದರೆ ಯಾವ ಟೀಚರಿಗೂ ತಡೆಯಲಾಗುವುದಿಲ್ಲ. “ತಪ್ಪು!” ಎಂದೆ. “ಎಲ್ಲರೂ ಕೈ ಕಟ್ಟಿ ಕೂತ್ಕೊಳ್ಳಿ. ಇನ್ನೊಂದು ಸಲ. ನಾನು ಕೆಲಸ ಬಿಡು...”

ಅಪ್ಪ ನಿಜವಾಗಿಯೂ ಕೈ ಕಟ್ಟಿದ್ದರು. ಅಷ್ಟು ಹೊತ್ತೂ ತಟ್ಟೆಯಲ್ಲಿ ಗೋಡಂಬಿ ಹುಡುಕುತ್ತಿದ್ದ ಹುಡುಗ ನಿಧಾನವಾಗಿ ತಲೆಯೆತ್ತಿ, “...ವುದಿಲ್ಲ?” ಅಂದ.

“ಜಾಣ, ಕೂತ್ಕೋ!” ಎಂದುಬಿಟ್ಟೆ. ಅವನು ಕೂತೇ ಇದ್ದ.

ಅವರಮ್ಮ ಸೆರಗು ಕೊಡವಿಕೊಂಡು ಎದ್ದರು. “ಊರಿಗೆ ಹೋಗಿ ತಿಳಿಸ್ತೀವಿ” ಎಂದರು. ಹಾಗೆಂದರೆ ಏನೆಂದು ಹೆಣ್ಣು ಹೆತ್ತವರಿಗೆಲ್ಲ ಗೊತ್ತು. ಅಮ್ಮ ಅಡುಗೆಮನೆಯಲ್ಲಿ ಕೂತು ಅತ್ತಳು. ನನಗೂ ಅಳು ಬಂತು, ಸುಳ್ಳೇಕೆ ಹೇಳಲಿ, ಹುಡುಗ ಚೆನ್ನಾಗಿದ್ದ.

ಆದರೆ ಆ ಹುಡುಗ ಮದುವೆಯಾದರೆ ಆ ಮೇಡಮ್ಮನ್ನೇ ಎಂದು ಪಟ್ಟು ಹಿಡಿದನಂತೆ. ಎಸ್ಸೆಸ್ಸೆಲ್ಸಿಗೆ ಮೇಲಿಂದ ಮೇಲೆ ದಂಡಯಾತ್ರೆ ಮಾಡಿದವನಂತೆ ಪಾಪ. ಹುಟ್ಟಿದಾಗಿನಿಂದ ಯಾರೂ ಅವನನ್ನು ಜಾಣ ಅಂದಿರಲಿಲ್ಲವಂತೆ. ಮದುವೆಯಾಯಿತು, ಗುಬ್ಬಿಯಲ್ಲೇ ಮನೆ ಮಾಡಿದೆವು, ನನ್ನ ಕೆಲಸವೂ ಉಳಿಯಿತು. ಅವರಮ್ಮ, ಅಂದರೆ ನನ್ನ ಅತ್ತೆ, ಮತ್ತೆಂದೂ ನನ್ನ ಮುಂದೆ ಪ್ರಶ್ನೆ ಕೇಳಲಿಲ್ಲ.

ಹೀಗೆ ಗೆದ್ದವಳು ನಾನೇ ಎಂದು ಬಹಳ ದಿನ ಬೀಗಿದೆ. ಒಂದು ಸಂಜೆ ಬಸ್ಸಿಳಿದು ಸುಸ್ತಾಗಿ ಬಂದು, ಪೇಪರು ಓದುತ್ತಿದ್ದ ಇವರಿಗೆ, “ಇವತ್ತೊಂದು ದಿನ ಅಡುಗೆ ನೀವೇ ಮಾಡು...” ಎಂದು ನಿಲ್ಲಿಸಿದೆ.

“...ವುದಿಲ್ಲ” ಎಂದರು ತಕ್ಷಣ. ಪೇಪರು ಕೆಳಗಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದರು, ಜಾಣ ಅನ್ನುತ್ತೇನೆಂದು.