ಕೋಳಿಮನೆಗೆ ಥಳಿ ಹೊಡೆದದ್ದು

ತಮ್ಮ ಕೆಲಸ ಏನೆಂದು ಹೇಳಿಕೊಳ್ಳಲು ನಾಚುವವರ ಸಂಘವೊಂದಿದ್ದರೆ ಅದರ ಅಧ್ಯಕ್ಷಗಿರಿ ನನಗೇ ಸಿಗಬೇಕು. ಮೊಟ್ಟೆಯನ್ನೂ ಮುಟ್ಟದ ಧಾರವಾಡದ ಮನೆತನದವನು ನಾನು. ತೊಂಬತ್ತರ ದಶಕದ ಕೊನೆಯಲ್ಲಿ ನೆದರ್ಲೆಂಡ್ಸಿಗೆ ಬಂದು ಕೋಳಿಮನೆಗಳ ಗಾಳಿಯಲ್ಲಿ ಧೂಳೆಷ್ಟಿದೆ ಎಂದು ಅಳೆಯುತ್ತಿದ್ದೆ. ನನ್ನಪ್ಪ ನೆರೆಯವರಿಗೆ 'ಏರ್ ರಿಸರ್ಚ್' ಎಂದಷ್ಟೇ ಹೇಳುತ್ತಿದ್ದರು. ಅವರು ಅದನ್ನು ವಿಮಾನದ ಕೆಲಸ ಎಂದುಕೊಂಡರೆ ಅಪ್ಪ ತಿದ್ದುತ್ತಿರಲಿಲ್ಲ.

ಆಮರ್ಸ್‌ಫೋರ್ಟ್ ಪಟ್ಟಣದ ಹೊರಗಿನ ರೈತ ವಿಲ್ಲೆಮ್ ಚಳಿಗಾಲದಲ್ಲಿ ಶಾಖ ಉಳಿಸಲು ಕೋಳಿಮನೆಯ ಕಿಂಡಿಗಳನ್ನೆಲ್ಲ ಮುಚ್ಚಿಬಿಡುತ್ತಿದ್ದ. ಗರಿಯ ಚೂರು, ಮೇವಿನ ಹುಡಿ, ಒಣಗಿದ ಹಿಕ್ಕೆ ಎಲ್ಲ ಸೇರಿ ಒಳಗೆ ಮಂಜಿನಂತೆ ತೇಲುತ್ತಿತ್ತು. ಅದು ಶ್ವಾಸಕೋಶದ ಆಳಕ್ಕಿಳಿದು ಕೋಳಿಗಳು ಕೊಕ್ಕು ತೆರೆದು ಗೊರಗೊರ ಉಸಿರಾಡುತ್ತಿದ್ದವು. ಕೆಲವು ಸಾಯುತ್ತಲೂ ಇದ್ದವು. ನೋಡಿದರೆ ಸಂಕಟವಾಗುತ್ತಿತ್ತು. "ಅಳೆದದ್ದು ಸಾಕು ಮಾರಾಯ, ಏನಾದರೂ ಮಾಡು" ಎಂದ ವಿಲ್ಲೆಮ್.

ಆ ಸಂಜೆ ದಣಿದು ಬಂದು ಹೆಂಡತಿ ಸುಧಾಳ ಮುಂದೆ ಗೋಳು ತೋಡಿಕೊಂಡೆ.

"ಅದಕ್ಯಾಕ ಇಷ್ಟು ತಲಿ ಕೆಡಿಸ್ಕೋತೀರಿ?" ಎಂದಳು. "ಕಸಾ ಹೊಡಿಯೂ ಮುಂದ ಅಂಗಳಕ್ಕ ಥಳಿ ಹೊಡಿಯೂದಿಲ್ಲೇನು? ನೀರು ಬಿದ್ದ ಮ್ಯಾಲೆ ಧೂಳ ಎಲ್ಲಿಂದ ಏಳ್ತದ?"

ಇಷ್ಟು ಸರಳ ಉಪಾಯ ಯಾವ ಡಚ್ಚನಿಗೂ ಹೊಳೆದಿಲ್ಲವಲ್ಲ ಎಂದು ಹಿಗ್ಗಿದೆ. ಮರುದಿನ ಗಿಡಗಳಿಗೆ ನೀರು ಹಾಕುವ ಝಾರಿ ಹಿಡಿದು, ಅವ್ವ ಅಂಗಳಕ್ಕೆ ಹೊಡೆಯುತ್ತಿದ್ದ ಹಾಗೆಯೇ ಧಾರಾಳವಾಗಿ ಥಳಿ ಹೊಡೆದೆ. ಧೂಳು ಅಡಗಿತು. ವಿಲ್ಲೆಮ್ ಕೈಕುಲುಕಿದ. ನಾನು ಮನಸ್ಸಿನಲ್ಲೇ ಪ್ರಬಂಧದ ಶೀರ್ಷಿಕೆಯನ್ನೂ ಇಟ್ಟುಬಿಟ್ಟೆ.

ಅದರ ಮರುದಿನ ಬಾಗಿಲು ತೆರೆದರೆ ಕಣ್ಣು ಧಗ್ಗೆಂದು ಉರಿಯಿತು. ನೆಂದ ಹಿಕ್ಕೆಯಿಂದ ಅಮೋನಿಯಾ ಎದ್ದು ಕೋಳಿಗಳ ಉಸಿರು ಮೊದಲಿಗಿಂತ ಕಷ್ಟವಾಗಿತ್ತು. ನಮ್ಮ ಅಂಗಳದಲ್ಲಿ ಸಾವಿರಾರು ಕೋಳಿಗಳು ಹೇತಿರಲಿಲ್ಲ ಎಂಬ ಸಣ್ಣ ವ್ಯತ್ಯಾಸ ಡಾಕ್ಟರೇಟ್ ಮಾಡಿದ ತಲೆಗೆ ಹೊಳೆದೇ ಇರಲಿಲ್ಲ. ವಿಲ್ಲೆಮ್ ಬೈಯಲಿಲ್ಲ. ಶಾಖದ ಆಸೆ ಬಿಟ್ಟು ಕಿಂಡಿಗಳನ್ನೆಲ್ಲ ತೆರೆದ, ನನ್ನ ಕೈಗೊಂದು ಸಲಿಕೆ ಕೊಟ್ಟ. ಇಬ್ಬರೂ ದಿನವಿಡೀ ಒದ್ದೆ ಹಿಕ್ಕೆ ಎತ್ತಿ ಹೊರಹಾಕಿ ಒಣ ಹೊಟ್ಟು ಹರಡಿದೆವು. ಸೊಂಟ ಬಿದ್ದುಹೋಯಿತು. ಸಂಜೆಯ ಹೊತ್ತಿಗೆ ಗೊರಗೊರ ಕಡಿಮೆಯಾದಾಗ ನನಗೆ ಅಳುವೇ ಬಂತು. ಅಮೋನಿಯಾದಿಂದ ಎಂದು ವಿಲ್ಲೆಮ್‌ಗೆ ಹೇಳಿದೆ.

ಮನೆಗೆ ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕ ಯಾರೂ ಕೂರಲಿಲ್ಲ. ಸುಧಾ ಬಾಗಿಲು ತೆರೆದಳು.

"ಕೋಳಿ ಹೆಂಗದಾವ್ರಿ?"

"ಈಗ ಉಸಿರಾಟ ಸರಾಗ ಆಗೇದ."

"ಛಲೋ ಆತು," ಎಂದು ಸೆರಗಿನಿಂದ ಮೂಗು ಮುಚ್ಚಿಕೊಂಡಳು. "ಹಂಗಾರ ನೀವು ಒಂಚೂರು ಹೊರಗ ನಿಂದರ್ರಿ. ನಾವೂ ಉಸಿರಾಡಬೇಕು."